ನೆಗಡಿ-ಫ್ಲೂ ಕಾಲಕ್ಕೆ ಹಿತ್ತಲ ಗಿಡಗಳು: ಎಷ್ಟು ಬಳಸಬೇಕು, ಎಲ್ಲಿ ನಿಲ್ಲಿಸಬೇಕು

ರಾಗಿ ಕೊಯ್ಲು ಮುಗಿದು ಮೆದೆ ಒಟ್ಟುವ ಹೊತ್ತಿಗೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹೋಬಳಿಯಲ್ಲಿ ಚಳಿ ಬಿಗಿಯಾಗುತ್ತದೆ. ಬೆಳಗಿನ ಹೊತ್ತು ದುರ್ಗದ ಬೆಟ್ಟಕ್ಕೆ ಮಂಜು ಮುಸುಕಿರುತ್ತದೆ. ಕಣದಲ್ಲಾಗಲಿ, ಯಂತ್ರದ ಮುಂದಾಗಲಿ, ರಾಗಿ ಒಕ್ಕುವಾಗ ಏಳುವ ಧೂಳು ಮೂಗು ಗಂಟಲನ್ನು ಕೆರಳಿಸುತ್ತದೆ. ಮನೆಯಲ್ಲಿ ಒಬ್ಬರಿಗೆ ನೆಗಡಿ ಹತ್ತಿದರೆ ಬಾಗಿಲು ಮುಚ್ಚಿ ಮಲಗುವ ಆ ದಿನಗಳಲ್ಲಿ ಉಳಿದವರಿಗೂ ಬೇಗ ಅಂಟುತ್ತದೆ. ಆಗ ಮೊದಲು ನೆನಪಾಗುವುದು ಹಿತ್ತಲ ತುಳಸಿ, ದೊಡ್ಡಪತ್ರೆ ಮತ್ತು ಬೇಲಿಯ ಆಡುಸೋಗೆ.

ಇವುಗಳ ಬಳಕೆ ತಪ್ಪಲ್ಲ. ಆದರೆ ಇವು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದು ತಿಳಿದಿರಬೇಕು. ನೆಗಡಿ ಮತ್ತು ಫ್ಲೂ ಎರಡೂ ವೈರಾಣುಗಳಿಂದ ಬರುವ ಕಾಯಿಲೆಗಳು. ಸಾಮಾನ್ಯ ನೆಗಡಿ ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಷಾಯ ಕುಡಿದವರಿಗೂ ಅಷ್ಟೇ ದಿನ, ಕುಡಿಯದವರಿಗೂ ಹೆಚ್ಚುಕಡಿಮೆ ಅಷ್ಟೇ ದಿನ. ಗಿಡಮೂಲಿಕೆಗಳು ಆ ದಿನಗಳಲ್ಲಿ ಗಂಟಲ ಕೆರೆತ, ಕೆಮ್ಮು, ಮೂಗುಕಟ್ಟುಗಳನ್ನು ಹಗುರ ಮಾಡುತ್ತವೆ. ವೈರಾಣುವನ್ನು ಕೊಲ್ಲುತ್ತವೆ ಎಂಬ ಭರವಸೆ ಇಟ್ಟುಕೊಳ್ಳಬಾರದು. ಆ್ಯಂಟಿಬಯೋಟಿಕ್ ಮಾತ್ರೆಗಳೂ ವೈರಾಣುವಿಗೆ ನಾಟುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ನಾಲ್ಕು ಮಾತ್ರೆ ನುಂಗುವುದಕ್ಕಿಂತ ಒಂದು ಲೋಟ ಬಿಸಿ ಮೆಣಸಿನ ಸಾರು ಮೇಲು.

ಫ್ಲೂ ನೆಗಡಿಯಂತಲ್ಲ. ಇದ್ದಕ್ಕಿದ್ದಂತೆ ಜ್ವರ ಏರುತ್ತದೆ, ಮೈಕೈ ನೋವು ಹಾಸಿಗೆ ಹಿಡಿಸುತ್ತದೆ. ನಮ್ಮಲ್ಲಿ ಇದು ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಮ್ಮೆ ಹೆಚ್ಚುವುದು ವಾಡಿಕೆ. 1918ರ ಇನ್‌ಫ್ಲುಯೆಂಜಾದಲ್ಲಿ ಆಗಿನ ಮೈಸೂರು ಸಂಸ್ಥಾನದಲ್ಲಿ ಲಕ್ಷಕ್ಕೂ ಮೀರಿ ಜನ ತೀರಿಕೊಂಡರು. 2009ರಲ್ಲಿ ಎಚ್1ಎನ್1, 2023ರಲ್ಲಿ ಎಚ್3ಎನ್2 ರಾಜ್ಯದಲ್ಲಿ ಜೀವಹಾನಿ ಮಾಡಿದವು. ವಯಸ್ಸಾದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಉಬ್ಬಸ ಇರುವವರಿಗೆ ಅಪಾಯ ಹೆಚ್ಚು. ಇಂಥವರಿಗೆ ಫ್ಲೂ ಶಂಕೆ ಬಂದ ಮೊದಲೆರಡು ದಿನಗಳಲ್ಲೇ ವೈದ್ಯರಿಗೆ ತೋರಿಸಬೇಕು. ಫ್ಲೂ ಔಷಧವಾದ ಒಸೆಲ್ಟಾಮಿವಿರ್ ಬೇಗ ಕೊಟ್ಟಷ್ಟೂ ಗುಣ. ಈ ಔಷಧದ ತಯಾರಿಕೆಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಚಕ್ರಮೊಗ್ಗಿನಿಂದ ತೆಗೆಯುತ್ತಾರೆ. ಹಾಗೆಂದು ಚಕ್ರಮೊಗ್ಗಿನ ಕಷಾಯ ಕುಡಿದರೆ ಆ ಔಷಧ ಸೇವಿಸಿದಂತಾಗುವುದಿಲ್ಲ. ಕಾರ್ಖಾನೆಯಲ್ಲಿ ಅನೇಕ ರಾಸಾಯನಿಕ ಕ್ರಿಯೆಗಳಾದ ಮೇಲೆಯೇ ಅದು ಔಷಧವಾಗುವುದು.

ಆಡುಸೋಗೆ

ಕೆಮ್ಮಿಗೆ ಬಳಸುವ ಗಿಡಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಎಲೆಯಲ್ಲಿ ವ್ಯಾಸಿಸಿನ್ ಎಂಬ ಸತ್ವವಿದೆ. ಕಫ ಕರಗಿಸಲು ಇಂದು ವೈದ್ಯರು ಬರೆಯುವ ಬ್ರೋಮ್‌ಹೆಕ್ಸಿನ್ ಔಷಧವನ್ನು 1960ರ ದಶಕದಲ್ಲಿ ರೂಪಿಸಿದ್ದು ಈ ಸತ್ವದ ಮಾದರಿಯ ಮೇಲೆಯೇ. ಹಸಿ ಎಲೆಯನ್ನು ಜಜ್ಜಿದರೆ ರಸ ಸುಲಭವಾಗಿ ಬಿಡುವುದಿಲ್ಲ. ಎಲೆಗಳನ್ನು ತೊಳೆದು ಇಡ್ಲಿ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಹಬೆಯಲ್ಲಿ ಬಾಡಿಸಿ, ಕುಟ್ಟಿ, ಬಟ್ಟೆಯಲ್ಲಿ ಹಿಂಡಬೇಕು. ದೊಡ್ಡವರಿಗೆ ಎರಡು ಟೀ ಚಮಚ ರಸ, ಜೇನುತುಪ್ಪದೊಂದಿಗೆ, ದಿನಕ್ಕೆ ಎರಡು ಸಲ ಸಾಕು. ಇದು ಗರ್ಭಕೋಶವನ್ನು ಸಂಕೋಚಿಸುವ ಗುಣವುಳ್ಳದ್ದಾದ್ದರಿಂದ ಗರ್ಭಿಣಿಯರಿಗೆ ಕೊಡಲೇಬಾರದು.

ಹೆಸರಿನ ಗೊಂದಲವೊಂದು ಇಲ್ಲಿ ಕಾಡುತ್ತದೆ. ‘ಆಡು ಮುಟ್ಟದ ಸೊಪ್ಪು’ ಎಂದು ಕೆಲವರು ಆಡುಸೋಗೆಯನ್ನು ಕರೆದರೆ, ಇನ್ನು ಕೆಲವರು ಟೈಲೋಫೊರ ಎಂಬ ಬೇರೊಂದು ಬಳ್ಳಿಯನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಆಡುಸೋಗೆ ಆಳೆತ್ತರದ ಪೊದೆ. ಎಲೆ ಗೇಣುದ್ದ, ತುದಿ ಚೂಪು, ಹೂವು ಬಿಳಿ, ತುಟಿಯಂತೆ ಎರಡು ಸೀಳು. ಟೈಲೋಫೊರ ಬೇಲಿಗೆ ಹಬ್ಬುವ ತೆಳು ಬಳ್ಳಿ. ಅದರ ಎಲೆ ತಿಂದರೆ ಬಲವಾದ ವಾಂತಿಯಾಗುತ್ತದೆ. ಹೆಸರು ಕೇಳಿ ಸೊಪ್ಪು ತರಬಾರದು, ಗಿಡ ನೋಡಿ ತರಬೇಕು.

ದೊಡ್ಡಪತ್ರೆ, ತುಳಸಿ, ಶುಂಠಿ

ದೊಡ್ಡಪತ್ರೆ ಎಲೆಯ ಎಣ್ಣೆಯಲ್ಲಿ ಓಮದಲ್ಲಿರುವಂಥದೇ ವಾಸನೆಯ ಸತ್ವಗಳಿವೆ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿದ ರಸಕ್ಕೆ ಜೇನು ಬೆರೆಸಿ ನೆಕ್ಕಿಸುವುದು ಮನೆಮನೆಯ ರೂಢಿ. ವರ್ಷ ತುಂಬದ ಮಗುವಿಗೆ ಮಾತ್ರ ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆ ಕೂಸಿನ ಕರುಳಿನಲ್ಲಿ ಬೆಳೆದು ನರಗಳ ಶಕ್ತಿ ಕುಂದಿಸುವ ವಿಷವನ್ನುಂಟುಮಾಡುತ್ತದೆ. ವರ್ಷ ದಾಟಿದ ಮಕ್ಕಳ ರಾತ್ರಿ ಕೆಮ್ಮಿಗೆ ಮಲಗುವ ಮುನ್ನ ಅರ್ಧದಿಂದ ಒಂದು ಟೀ ಚಮಚ ಜೇನು ಹಿತಕಾರಿ ಎಂಬುದು ಪರೀಕ್ಷೆಗಳಿಂದಲೂ ಕಂಡುಬಂದಿದೆ.

ಕಷಾಯಕ್ಕೆ 2020ರಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಒಂದು ಅಳತೆ ಪ್ರಕಟಿಸಿತು. ಒಣ ತುಳಸಿ ಎಲೆ ನಾಲ್ಕು ಭಾಗ, ದಾಲ್ಚಿನ್ನಿ ಎರಡು ಭಾಗ, ಒಣಶುಂಠಿ ಎರಡು ಭಾಗ, ಕರಿಮೆಣಸು ಒಂದು ಭಾಗ. ಈ ಪುಡಿ 3 ಗ್ರಾಂ, ನೀರು 150 ಮಿಲಿ ಲೀಟರ್, ದಿನಕ್ಕೆ ಒಂದು ಅಥವಾ ಎರಡು ಸಲ. ಆ ವರ್ಷ ಅನೇಕರು ಈ ಅಳತೆಯನ್ನು ಬದಿಗಿಟ್ಟು, ಹಿಡಿ ಹಿಡಿ ಮೆಣಸು ಹಾಕಿ, ದಿನಕ್ಕೆ ಐದಾರು ಲೋಟ ಕುಡಿದು ಹೊಟ್ಟೆಯುರಿ ತಂದುಕೊಂಡರು. ಕಷಾಯವನ್ನು ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕಾಯಿಸಬೇಕು. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು. ಗಂಟಲಿಗೆಂದು ಅತಿಮಧುರದ ಚೂರನ್ನು ದಿನವೆಲ್ಲ ಬಾಯಲ್ಲಿಟ್ಟುಕೊಂಡರೆ ರಕ್ತದೊತ್ತಡ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಮೂರ್ಛೆ ರೋಗದ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಬೆಳ್ಳುಳ್ಳಿ, ಮೆಣಸು, ಅರಿಶಿನಗಳನ್ನು ಔಷಧದ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ಅಡುಗೆಗೆ ಹಾಕುವಷ್ಟಕ್ಕೆ ಅಡ್ಡಿಯಿಲ್ಲ.

ಅಮೃತಬಳ್ಳಿ

ಇದನ್ನು ತಿಂಗಳುಗಟ್ಟಲೆ ಕುಡಿಯುವ ರೂಢಿ ಕೋವಿಡ್ ಕಾಲದಲ್ಲಿ ಹಬ್ಬಿತು. 2021ರಲ್ಲಿ ಮುಂಬಯಿಯ ವೈದ್ಯರು, ಇದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅವರು ಬಳಸಿದ್ದು ಇದೇ ಕುಲದ ಬೇರೆ ಬಳ್ಳಿಯಾಗಿರಬಹುದು ಎಂದಿತು. ವಾದ ಹೇಗೇ ಇರಲಿ, ರೈತನಿಗೆ ಇದರಿಂದ ಸಿಗುವ ತಿಳಿವಳಿಕೆ ಎರಡು. ಕಾಂಡದ ಮೇಲೆ ಗುಳ್ಳೆ ಗುಳ್ಳೆಯಾಗಿದ್ದು, ಕತ್ತರಿಸಿದರೆ ಹಾಲಿನಂತಹ ರಸ ಒಸರುವ ಬಳ್ಳಿ ಅಮೃತಬಳ್ಳಿಯಲ್ಲ. ನಿಜವಾದ ಬಳ್ಳಿಯೇ ಆದರೂ ತಿಂಗಳುಗಟ್ಟಲೆ ಬೇಡ. ಕಣ್ಣು, ಮೂತ್ರ ಹಳದಿಯಾದರೆ ತಕ್ಷಣ ನಿಲ್ಲಿಸಿ, ಏನು ಕುಡಿದದ್ದು ಎಂಬುದನ್ನು ಮರೆಮಾಡದೆ ವೈದ್ಯರಿಗೆ ಹೇಳಬೇಕು.

ಎಳೆ ಮಕ್ಕಳ ವಿಷಯ

ಬಜೆ ತೇದು ನೆಕ್ಕಿಸುವುದು ಹಳೆಯ ಪದ್ಧತಿ. ಬಜೆಯಲ್ಲಿರುವ ಆಸರೋನ್ ಎಂಬ ಅಂಶ ಹಾನಿಕರವೆಂದು ಅಮೆರಿಕದಲ್ಲಿ 1968ರಿಂದಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಲಾಗಿದೆ. ಕೂಸಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎರಡು ವರ್ಷದೊಳಗಿನ ಮಗುವಿನ ಎದೆಗೆ ಕರ್ಪೂರದ ಎಣ್ಣೆ ಹಚ್ಚಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಲಕ್ಕಿ ಸೊಪ್ಪಿನ ಹಬೆ ದೊಡ್ಡವರಿಗೆ ಹಿತವಾದೀತು. ಮಕ್ಕಳಿಗೆ ಕುದಿನೀರು ಮೈಮೇಲೆ ಮಗುಚುವ ಭಯವೇ ಹೆಚ್ಚು. ಅಜ್ಜಿಯರಿಗೆ ಈ ಮಾತು ರುಚಿಸದಿರಬಹುದು. ಎದೆಹಾಲು ಬಿಡಿಸದೆ ಕೊಡುತ್ತಿರುವುದೇ ನೆಗಡಿಯಾದ ಕೂಸಿಗೆ ದೊಡ್ಡ ಆಸರೆ ಎಂದು ಅವರಿಗೆ ತಾಳ್ಮೆಯಿಂದ ತಿಳಿಹೇಳಬೇಕು.

ಮಗುವಿನ ಉಸಿರಾಟವನ್ನು ಎಣಿಸಲು ಪ್ರತಿಯೊಂದು ಮನೆಯವರೂ ಕಲಿಯಬೇಕು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40, ಈ ಸಂಖ್ಯೆ ಮುಟ್ಟಿದರೆ ಅಥವಾ ಮೀರಿದರೆ ಅದು ಬರಿಯ ನೆಗಡಿಯಲ್ಲ, ನ್ಯುಮೋನಿಯಾ ಶಂಕೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟರೆ, ಮಂಕಾದರೆ ಕಷಾಯಕ್ಕೆ ಒಲೆ ಹಚ್ಚುತ್ತ ಕೂರದೆ 108ಕ್ಕೆ ಫೋನ್ ಮಾಡಿ ಕುಣಿಗಲ್ಲಿನ ಆಸ್ಪತ್ರೆಗೆ ಸಾಗಿಸಬೇಕು.

ಹದಿನೈದು ದಿನದ ಗಡಿ

ಆಡುಸೋಗೆ ಕೆಮ್ಮನ್ನು ಹಗುರ ಮಾಡುತ್ತದೆ ಎಂಬುದರಲ್ಲೇ ಒಂದು ತೊಡಕೂ ಇದೆ. ಕ್ಷಯದ ಕೆಮ್ಮೂ ಇದರಿಂದ ಸ್ವಲ್ಪ ತಗ್ಗಿದಂತೆ ತೋರಬಹುದು. ‘ಧೂಳಿನ ಕೆಮ್ಮು, ಸೊಪ್ಪಿನ ರಸಕ್ಕೆ ಇಳಿಯುತ್ತಿದೆ’ ಎಂದು ಸುಗ್ಗಿಯಿಂದ ಯುಗಾದಿಯವರೆಗೆ ಕಳೆದರೆ ಅಷ್ಟರಲ್ಲಿ ರೋಗಿಯ ಶ್ವಾಸಕೋಶ ಕೆಟ್ಟಿರುತ್ತದೆ, ಮನೆಯ ಮಕ್ಕಳಿಗೂ ಸೋಂಕು ತಗುಲಿರಬಹುದು. ಎರಡು ವಾರ ಮೀರಿದ ಕೆಮ್ಮು ಯಾರದ್ದೇ ಆಗಲಿ, ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಔಷಧವೂ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ಎರಡು ವಾರವೂ ಕಾಯಬೇಕಿಲ್ಲ. ದೊಡ್ಡವರಲ್ಲಿ ಏದುಸಿರು, ಎದೆನೋವು, ಜ್ವರ ಮೂರು ದಿನ ಮೀರುವುದು, ಇಳಿದ ಜ್ವರ ಮರುಕಳಿಸುವುದು ಇವೂ ಆಸ್ಪತ್ರೆಯ ಲಕ್ಷಣಗಳೇ.

ಬೆಳೆಸುವ ಕ್ರಮ

ಹೊಲದ ಬದುವಿನ ತುಂಬೆ, ತೋಟದ ಅಂಚಿನ ತುಳಸಿಯನ್ನು ಕಿತ್ತು ತರುವಾಗ ಅಲ್ಲಿ ಕಳೆನಾಶಕವಾಗಲಿ, ಕೀಟನಾಶಕವಾಗಲಿ ಸಿಂಪಡಿಸಿದ್ದರೆ ಅದೂ ಕಷಾಯಕ್ಕೆ ಇಳಿಯುತ್ತದೆ. ಬಚ್ಚಲ ನೀರು ಹರಿಯದ ಹಿತ್ತಲ ಮೂಲೆಯಲ್ಲಿ ನಾಲ್ಕು ಗಿಡ ಪ್ರತ್ಯೇಕವಾಗಿ ಬೆಳೆಸುವುದೇ ಲೇಸು. ಆಡುಸೋಗೆಯ ಬಲಿತ ಕಡ್ಡಿಯನ್ನು ಮೂರು ನಾಲ್ಕು ಗಿಣ್ಣು ಇರುವಂತೆ ಕತ್ತರಿಸಿ ಮುಂಗಾರಿನಲ್ಲಿ ಮೂರಡಿಗೊಂದರಂತೆ ನೆಟ್ಟರೆ ಬೇಲಿಯೂ ಆಗುತ್ತದೆ. ದನ ಮೇಕೆಗಳ ಕಾಟವಿಲ್ಲ, ಸವರಿದ ಸೊಪ್ಪು ಹಸಿರು ಗೊಬ್ಬರಕ್ಕೆ ಬರುತ್ತದೆ. ದೊಡ್ಡಪತ್ರೆಗೆ ಅರೆನೆರಳು, ನೀರು ನಿಲ್ಲದ ಮಣ್ಣು ಬೇಕು. ಒಡೆದ ಬಿಂದಿಗೆಯಲ್ಲೂ ಬರುತ್ತದೆ. ತುಳಸಿಯನ್ನು ಹೂ ಬಿಡುವ ಹೊತ್ತಿಗೆ ಕೊಯ್ದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಎಣ್ಣೆಯಂಶ ಹಾರಿಹೋಗುತ್ತದೆ. ಪುಡಿಯ ಡಬ್ಬಿಯ ಮೇಲೆ ಗಿಡದ ಹೆಸರು, ಮಾಡಿದ ತಿಂಗಳು ಬರೆದು ಅಂಟಿಸಬೇಕು. ಬೂಷ್ಟು ಹಿಡಿದದ್ದನ್ನೂ ವಾಸನೆ ಹೋದದ್ದನ್ನೂ ತಿಪ್ಪೆಗೆ ಹಾಕಿ ಹೊಸದು ಮಾಡಿಕೊಳ್ಳಬೇಕು.