ಗ್ಯಾರೇಜಿನ ನೆಲ ಜಾರದಿರಲು: ಲೇಪನಕ್ಕೆ ಸೇರಿಸುವ ಕಣಗಳ ಆಯ್ಕೆ

ಠಾಣೆ ರೈಲು ನಿಲ್ದಾಣದ ಪೂರ್ವಕ್ಕಿರುವ ಕೋಪರಿಯಲ್ಲಿ, ಹಾಗೆಯೇ ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯಲ್ಲಿ, ಅನೇಕ ವಸತಿ ಕಟ್ಟಡಗಳ ಕೆಳಗಣ ಕಂಬಗಳ ನಡುವೆ ವಾಹನಗಳನ್ನು ನಿಲ್ಲಿಸಲಾಗುತ್ತದೆ. ಅದೇ ಜಾಗವನ್ನು ಹಾದು ವೃದ್ಧರೂ ಶಾಲೆಯ ಮಕ್ಕಳೂ ಲಿಫ್ಟಿನತ್ತ ನಡೆದುಹೋಗುತ್ತಾರೆ. ಕಾಂಕ್ರೀಟಿನಿಂದ ಧೂಳು ಏಳದಂತೆ ಮತ್ತು ಎಣ್ಣೆಯ ಕಲೆ ಒಳಗಿಳಿಯದಂತೆ ಇಂತಹ ನೆಲಕ್ಕೆ ಎಪಾಕ್ಸಿ ಲೇಪನ ಮಾಡಿಸುವುದುಂಟು. ಲೇಪನವು ನೆಲವನ್ನು ರಕ್ಷಿಸುತ್ತದೆ. ಆದರೆ ಅದರ ಮೇಲೆ ನಡೆಯುವವರ ರಕ್ಷಣೆಗೆ ಜಾರಿಕೆಯನ್ನು ತಡೆಯುವ ಕಣಗಳನ್ನೂ ಅದಕ್ಕೆ ಸೇರಿಸುವುದು ಅವಶ್ಯಕ. ಯಾವ ಕಣವನ್ನು ಆರಿಸಬೇಕೆಂಬ ಬಗ್ಗೆ ಸಾರ್ವಜನಿಕರಿಗೆ ಉಪಯುಕ್ತವಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಜಾರುವುದೇಕೆ?

ಸಾಧಾರಣ ಕಾಂಕ್ರೀಟಿನ ಮೇಲ್ಮೈ ಒರಟಾಗಿದ್ದು ಸೂಕ್ಷ್ಮ ರಂಧ್ರಗಳಿಂದ ಕೂಡಿರುತ್ತದೆ. ಲೇಪನವು ಈ ರಂಧ್ರಗಳನ್ನು ಮುಚ್ಚಿ ನೆಲವನ್ನು ಗಾಜಿನಂತೆ ನುಣುಪಾಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಾಲಿಗಳಿಂದಲೂ ಕೊಡೆಗಳಿಂದಲೂ ನೀರು ಇಳಿಯುತ್ತದೆ. ಎಂಜಿನ್ನಿನಿಂದ ಎಣ್ಣೆಯ ಹನಿ ಬೀಳುತ್ತದೆ. ನೀರು ಅಥವಾ ಎಣ್ಣೆಯ ತೆಳು ಪೊರೆ ಚಪ್ಪಲಿಗೂ ನೆಲಕ್ಕೂ ನಡುವೆ ನಿಂತಾಗ ಅವೆರಡರ ಸ್ಪರ್ಶ ತಪ್ಪಿ ಕಾಲು ಜಾರುತ್ತದೆ. ಲೇಪನದಿಂದ ಮೇಲಕ್ಕೆದ್ದ ಕಣಗಳ ತುದಿಗಳು ಈ ಪೊರೆಯನ್ನು ಭೇದಿಸಿ ಹಿಡಿತ ಒದಗಿಸುತ್ತವೆ. ವಯಸ್ಸಾದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಪುನಃ ಸ್ವತಂತ್ರವಾಗಿ ನಡೆದಾಡುವುದು ಕಷ್ಟವಾಗಬಹುದು. ಆದ್ದರಿಂದ ಈ ಆಯ್ಕೆಯನ್ನು ಗುತ್ತಿಗೆದಾರರ ಇಚ್ಛೆಗೇ ಬಿಡುವುದು ಸರಿಯಲ್ಲ.

ಕಣಗಳ ಮುಖ್ಯ ವಿಧಗಳು

ಮೊದಲನೆಯದು ಸಿಲಿಕಾ ಮರಳು. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಇದರ ಸ್ಥಾನ 7. ಇದು ಅಗ್ಗ, ಸುಲಭವಾಗಿ ದೊರೆಯುವಂಥದು. ತೊಳೆದು, ಒಣಗಿಸಿ, ಜರಡಿಯಿಂದ ಗಾತ್ರವಾರು ಬೇರ್ಪಡಿಸಿದ ಮರಳನ್ನು ಮಾತ್ರ ಬಳಸಬೇಕು. ಕಟ್ಟಡದ ಕೆಲಸಕ್ಕೆಂದು ತಂದ ಮರಳಿನಲ್ಲಿ ಮಣ್ಣು, ತೇವ, ಲವಣಗಳಿರುವುದರಿಂದ ಅದು ಯೋಗ್ಯವಲ್ಲ. ಸಿಲಿಕಾದ ಸೂಕ್ಷ್ಮ ಧೂಳು ದೀರ್ಘಕಾಲ ಶ್ವಾಸಕೋಶವನ್ನು ಸೇರಿದರೆ ಸಿಲಿಕೋಸಿಸ್ ರೋಗ ಬರುತ್ತದೆ. ಆದಕಾರಣ ಕೆಲಸಗಾರರು ತಕ್ಕ ಮುಖಕವಚ ಧರಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಎರಡನೆಯದು ಅಲ್ಯೂಮಿನಿಯಂ ಆಕ್ಸೈಡ್. ಉಜ್ಜುವ ಕಾಗದದಲ್ಲಿಯೂ ಇದೇ ವಸ್ತುವಿನ ಬಳಕೆಯುಂಟು. ಇದರ ಗಡಸುತನ 9. ಗಾಲಿಗಳ ಸತತ ತಿಕ್ಕಾಟವನ್ನು ತಡೆದುಕೊಳ್ಳುವುದರಿಂದ ಇಳಿಜಾರಿಗೂ ವಾಹನಗಳು ತಿರುಗುವ ಸ್ಥಳಕ್ಕೂ ಇದು ಉತ್ತಮ. ಆದರೆ ಇದರ ಚೂಪು ಕಣಗಳು ನೆಲ ಒರೆಸುವ ಬಟ್ಟೆಯನ್ನು ಹರಿಯುತ್ತವೆ. ಬಿದ್ದ ಮಗುವಿನ ಮೊಣಕಾಲನ್ನೂ ವಾಹನದ ಕೆಳಗೆ ಮಲಗಿ ಕೆಲಸ ಮಾಡುವ ಮೆಕ್ಯಾನಿಕನ ಮೊಣಕೈಯನ್ನೂ ತರಚುತ್ತವೆ. ಭಾರವಾದ ಕಣವಾದುದರಿಂದ ಲೇಪನದ ಡಬ್ಬಿಯಲ್ಲಿ ಬೇಗ ತಳಕ್ಕಿಳಿಯುತ್ತದೆ.

ಮೂರನೆಯದು ಪ್ಲಾಸ್ಟಿಕ್ ವರ್ಗಕ್ಕೆ ಸೇರಿದ ಪಾಲಿಮರ್ ಕಣ. ಇದು ಹಗುರ, ಲೇಪನದಲ್ಲಿ ಹೆಚ್ಚು ಸಮನಾಗಿ ಹರಡಿಕೊಳ್ಳುತ್ತದೆ, ಬರಿಗಾಲಿಗೆ ಅಷ್ಟಾಗಿ ಚುಚ್ಚುವುದಿಲ್ಲ, ಒರೆಸುವುದೂ ಸುಲಭ. ಆದರೆ ಗಾಲಿಗಳು ತಿರುಗುವ ಕಡೆ ಉಳಿದೆರಡಕ್ಕಿಂತ ಬೇಗ ಸವೆಯುತ್ತದೆ.

ಗಾತ್ರದ ವಿಚಾರ

ಕಣದ ಗಾತ್ರವನ್ನು ವ್ಯಾಪಾರದಲ್ಲಿ ‘ಮೆಶ್’ ಸಂಖ್ಯೆಯಿಂದ ಸೂಚಿಸುತ್ತಾರೆ. ಒಂದು ಅಂಗುಲ ಜರಡಿಯಲ್ಲಿರುವ ತೂತುಗಳ ಸಂಖ್ಯೆಯೇ ಮೆಶ್. ಆದ್ದರಿಂದ ಸಂಖ್ಯೆ ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. 30 ಮೆಶ್ ಎಂದರೆ ಸುಮಾರು 0.6 ಮಿ.ಮೀ., 60 ಮೆಶ್ ಎಂದರೆ ಸುಮಾರು 0.25 ಮಿ.ಮೀ., 100 ಮೆಶ್ ಎಂದರೆ ಸುಮಾರು 0.15 ಮಿ.ಮೀ. ಒಣಗಿದ ಲೇಪನದ ದಪ್ಪಕ್ಕಿಂತ ಕಣ ದೊಡ್ಡದಾಗಿರಬೇಕು. ಇಲ್ಲವಾದರೆ ಅದು ಲೇಪನದಲ್ಲಿ ಮುಳುಗಿ ನಿಷ್ಪ್ರಯೋಜಕವಾಗುತ್ತದೆ.

ನೆಲ ಒರಟಾದಷ್ಟೂ ಸುರಕ್ಷಿತವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ತಿ ಸರಿಯಲ್ಲ. ಅತಿ ಒರಟು ನೆಲದ ತಗ್ಗುಗಳಲ್ಲಿ ಕೆಸರೂ ಎಣ್ಣೆಯೂ ಕೂಡಿಕೊಳ್ಳುತ್ತವೆ. ಕಷ್ಟವೆಂದು ಒರೆಸುವುದನ್ನು ಬಿಟ್ಟರೆ ತಗ್ಗುಗಳು ತುಂಬಿ ನೆಲ ಮತ್ತೆ ಜಾರತೊಡಗುತ್ತದೆ. ಆದುದರಿಂದ, ತನ್ನ ನೆಲ ಅತ್ಯಂತ ಒದ್ದೆಯಾದಾಗಲೂ ಹಿಡಿತ ಕೊಡುವ ಕಣಗಳ ಪೈಕಿ ಅತಿ ಸಣ್ಣದನ್ನು ಆರಿಸುವುದು ವಿವೇಕ. ಒಂದೇ ನೆಲಕ್ಕೆ ಒಂದೇ ಕಣ ಇರಬೇಕೆಂಬ ನಿಯಮವೂ ಇಲ್ಲ. ಜನ ನಡೆಯುವ ದಾರಿಗೆ ಸಣ್ಣ ಪಾಲಿಮರ್ ಕಣವನ್ನೂ ಇಳಿಜಾರಿಗೆ ದಪ್ಪ ಅಲ್ಯೂಮಿನಿಯಂ ಆಕ್ಸೈಡನ್ನೂ ಬಳಸಬಹುದು. ಎಣ್ಣೆ ಬೀಳುವ ರಿಪೇರಿ ಗ್ಯಾರೇಜಿಗೆ ಮಧ್ಯಮ ಗಾತ್ರದ ಗಡಸು ಕಣ ಸೂಕ್ತ.

ಹಾಕುವ ವಿಧಾನ

ಕಣಗಳನ್ನು ಕೊನೆಯ ಲೇಪನದಲ್ಲಿ ಬೆರೆಸಿ ಬಳಿಯುವುದು ಒಂದು ಕ್ರಮ. ಇದರಲ್ಲಿ ಲೇಪನವನ್ನು ಆಗಾಗ್ಗೆ ಕಲಕುತ್ತಿರಬೇಕು. ಇಲ್ಲವಾದರೆ ಒಂದು ಕಡೆ ಒರಟು, ಮತ್ತೊಂದು ಕಡೆ ನುಣುಪು ಆಗುತ್ತದೆ. ಹಸಿ ಲೇಪನದ ಮೇಲೆ ಕಣಗಳನ್ನು ಎರಚಿ, ಒಣಗಿದ ಬಳಿಕ ಅಂಟದೆ ಉಳಿದವನ್ನು ಗುಡಿಸಿ, ಮೇಲೊಂದು ತೆಳು ಲೇಪನ ಕೊಡುವುದು ಇನ್ನೊಂದು ಕ್ರಮ. ಭಾರಿ ಓಡಾಟವಿರುವಲ್ಲಿ ಎರಡನೆಯದು ಹೆಚ್ಚು ಬಾಳಿಕೆ ಬರುತ್ತದೆ. ಈಗಾಗಲೇ ಲೇಪನವಾಗಿರುವ ನೆಲವಾದರೆ ಅದರ ಹೊಳಪನ್ನು ಉಜ್ಜಿ ತೆಗೆದು, ಕಣಸಹಿತವಾದ ಹೊಸ ಪದರ ಹಾಕಿಸಬಹುದು.

ಪೂರ್ವ ಪರೀಕ್ಷೆ

ಕಾಂಕ್ರೀಟಿನಲ್ಲಿ ತೇವವಿದ್ದರೆ ಲೇಪನವು ಕಣಗಳೊಂದಿಗೇ ಎದ್ದುಬರುತ್ತದೆ. ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನಗಳ ಅವಧಿ ಕೊಡುವುದು ವಾಡಿಕೆ. ಹಳೆಯ ನೆಲದ ಮೇಲೆ ಸುಮಾರು 45 ಸೆ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಅಂಟಿಸಿ 16 ಗಂಟೆ ಬಿಡಬೇಕು. ಅನಂತರ ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲದ ಬಣ್ಣ ಗಾಢವಾಗಿದ್ದರೆ ಕೆಲಸವನ್ನು ಮುಂದೂಡತಕ್ಕದ್ದು. ಕೊಂಕಣದ ಮಳೆಗಾಲ ಈ ಕೆಲಸಕ್ಕೆ ಒಗ್ಗುವುದಿಲ್ಲ. ಮಳೆ ನಿಂತು ನೆಲ ಒಣಗಿದ ತಿಂಗಳುಗಳೇ ಲೇಸು.

ನೆಲದ ಒಂದು ಮೂಲೆಯಲ್ಲಿ ಎರಡು ಅಡಿ ಚೌಕ ಮಾದರಿ ಮಾಡಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಪೂರ್ಣವಾಗಿ ಗಟ್ಟಿಯಾದ ಮೇಲೆ ನೀರು ಸುರಿದು, ಪಕ್ಕದಲ್ಲಿ ಒಬ್ಬರ ಆಸರೆ ಪಡೆದು, ನಿತ್ಯ ಧರಿಸುವ ಚಪ್ಪಲಿಯಲ್ಲಿ ನಡೆಯಬೇಕು. ಬಳಿಕ ಅದನ್ನು ಒರೆಸಿಯೂ ನೋಡಬೇಕು. ಎರಡರಲ್ಲಿಯೂ ತೃಪ್ತಿಕರವೆನಿಸಿದ ಮಾದರಿಯನ್ನು ಒಪ್ಪಬಹುದು. ಎಪಾಕ್ಸಿ ನೆಲಹಾಸಿನ ಬಗ್ಗೆ ಐ.ಎಸ್. 4631 ಎಂಬ ಭಾರತೀಯ ಮಾನಕವೂ ಇದೆ. ಸೊಸೈಟಿಯ ಸಮಿತಿಯು ಕರಾರಿನಲ್ಲಿ ಕಣದ ವಿಧ, ಮೆಶ್ ಸಂಖ್ಯೆ, ಪ್ರಮಾಣ ಮತ್ತು ಹಾಕುವ ಕ್ರಮವನ್ನು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಕಣಗಳಿವೆಯೆಂದು ಚೆಲ್ಲಿದ ಎಣ್ಣೆಯನ್ನು ಹಾಗೆಯೇ ಬಿಡುವಂತಿಲ್ಲ, ಕೂಡಲೇ ಒರೆಸಬೇಕು. ಗಾಲಿಗಳು ಓಡುವ ಜಾಡಿನಲ್ಲಿ ಕಣಗಳು ಮೊದಲು ಸವೆಯುವುದರಿಂದ, ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಆ ಜಾಡನ್ನು ಪರೀಕ್ಷಿಸಿ, ನುಣುಪಾದಲ್ಲಿ ಹೊಸ ಪದರ ಹಾಕಿಸತಕ್ಕದ್ದು.