ಯಂತ್ರ ‘ಬೇಡ’ ಅಂದಾಗ

ರೋಲರ್ ಕೋಸ್ಟರ್ ಮೊದಲ ಏರು ಹತ್ತುವಾಗ ಕಾಲಡಿಯಿಂದ ‘ಕಟ ಕಟ ಕಟ’ ಎಂಬ ಸದ್ದು ಬರುತ್ತದೆ. ಏನೋ ಸಡಿಲವಾಗಿದೆ, ಇನ್ನೇನು ಕಳಚಿಕೊಳ್ಳುತ್ತದೆ ಎಂದು ಗಟ್ಟಿ ಎದೆಯವರಿಗೂ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಆ ಯಂತ್ರದಲ್ಲಿ ಅದಕ್ಕಿಂತ ನೆಮ್ಮದಿಯ ಸದ್ದು ಇನ್ನೊಂದಿಲ್ಲ. ಏರಿನ ಉದ್ದಕ್ಕೂ ಹಲ್ಲುಹಲ್ಲಾದ ಉಕ್ಕಿನ ಪಟ್ಟಿ ಇರುತ್ತದೆ. ಗಾಡಿಯ ಅಡಿಯಲ್ಲಿರುವ ಕೊಕ್ಕೆ ಒಂದೊಂದೇ ಹಲ್ಲು ದಾಟುತ್ತ, ದಾಟಿದ ಕೂಡಲೇ ಕೆಳಗೆ ಬಿದ್ದು ಕಚ್ಚಿಕೊಳ್ಳುತ್ತದೆ. ಎಳೆಯುವ ಸರಪಳಿಯೇ ತುಂಡಾದರೂ ಗಾಡಿ ಹಿಂದಕ್ಕೆ ಸರಿಯುವುದು ಒಂದು ಹಲ್ಲಿನಷ್ಟು ಮಾತ್ರ. ಹಿಂದೆ ಘಾಟಿ ಹತ್ತುವಾಗ ಎತ್ತುಗಳು ದಣಿದು ನಿಂತಲ್ಲೆಲ್ಲ ಆಳು ಓಡಿಬಂದು ಚಕ್ರದ ಹಿಂದೆ ಕಲ್ಲು ಕೊಡುತ್ತಿದ್ದನಲ್ಲ, ಅದೇ ಉಪಾಯ. ಅಮೆರಿಕದ ಜಾನ್ ಮಿಲ್ಲರ್ ಕಳೆದ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದ. ಗಾಡಿಗೆ ಹಳಿಯ ಮೇಲಷ್ಟೇ ಅಲ್ಲದೆ ಹಳಿಯ ಅಡಿಗೂ ಚಕ್ರ ಕೊಟ್ಟು, ಅದು ಮೇಲಕ್ಕೆ ಹಾರದಂತೆ ಮಾಡಿದವನೂ ಅವನೇ. ಇಂದು ಕೋಸ್ಟರ್‌ನ ಚಕ್ರದ ಗುಂಪಿನಲ್ಲಿ ಮೇಲೊಂದು, ಪಕ್ಕಕ್ಕೊಂದು, ಅಡಿಗೊಂದು ಚಕ್ರ ಇದ್ದೇ ಇರುತ್ತವೆ. ತಲೆಕೆಳಗಾದರೂ ಗಾಡಿ ಹಳಿಯನ್ನು ಬಿಡುವುದಿಲ್ಲ.

ಹಾಗಾಗಿ ಹೆದರಿಕೆ ಇರುವ ಕಡೆ ಅಪಾಯ ಇರುವುದು ಕಡಿಮೆ. ಹಿಂದೆ ಇತ್ತು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬ ಕೋಸ್ಟರ್ ಶುರುವಾಯಿತು. ಪಕ್ಕಾ ವೃತ್ತಾಕಾರದ ಒಂದು ಸುತ್ತು ಅದರಲ್ಲಿತ್ತು, ಕುತ್ತಿಗೆ ಹಿಡಿದುಕೊಂಡು ಇಳಿದವರು ಅನೇಕರು. ಕಾರಣ ಸರಳ. ಸುತ್ತಿನ ನೆತ್ತಿಯಲ್ಲಿ ಗಾಡಿ ಹಳಿಗೆ ಅಂಟಿಕೊಂಡೇ ಸಾಗಬೇಕಾದರೆ ಅಲ್ಲೊಂದಿಷ್ಟು ವೇಗ ಉಳಿದಿರಬೇಕು. ನೆತ್ತಿಯಲ್ಲಿ ಅಷ್ಟು ಉಳಿಯಬೇಕಾದರೆ ಬುಡದಲ್ಲಿ ಅದಕ್ಕಿಂತ ಬಹಳ ಹೆಚ್ಚಿರಬೇಕು. ಲೆಕ್ಕ ಹಾಕಿದರೆ ವೃತ್ತದ ಬುಡದಲ್ಲಿ ಕೂತವರ ತೂಕ ಕಡಿಮೆಯೆಂದರೂ 6 ಪಟ್ಟಾಗುತ್ತದೆ. 5 ಕಿಲೊ ತಲೆಯನ್ನು ಹೊತ್ತ ಕುತ್ತಿಗೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ 30 ಕಿಲೊ. ಫ್ಲಿಪ್ ಫ್ಲ್ಯಾಪ್‌ನಲ್ಲಿ ಇದರ ಎರಡು ಪಟ್ಟು ಇತ್ತು ಎನ್ನುವವರಿದ್ದಾರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿಕೊಟ್ಟ ಸುತ್ತು ಬಂತು. ಬುಡದಲ್ಲಿ ಅಗಲ, ನೆತ್ತಿಯಲ್ಲಿ ಕಿರಿದು. ವೇಗ ಹೆಚ್ಚಿರುವ ಕಡೆ ತಿರುವು ನಿಧಾನ, ವೇಗ ಕಡಿಮೆಯಾದ ಕಡೆ ತಿರುವು ಬಿಗಿ. ಈಗಿನ ಸುತ್ತುಗಳೆಲ್ಲ ಬಹುಮಟ್ಟಿಗೆ ಇದರ ಸಂತಾನ.

ಹಾಗಾದರೆ ಅವಘಡ ಎಲ್ಲಿಂದ ಬರುತ್ತದೆ? ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಆಲ್ಟನ್ ಟವರ್ಸ್‌ನಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಲ್ಲಿನ ‘ಸ್ಮೈಲರ್’ 2013ರಲ್ಲಿ ಶುರುವಾದ ಕೋಸ್ಟರ್. ಜನರನ್ನು 14 ಸಲ ತಲೆಕೆಳಗು ಮಾಡುತ್ತದೆ, ಅದೇ ಅದರ ವಿಶ್ವದಾಖಲೆ. ಒಂದೇ ಹಳಿಯ ಮೇಲೆ ಏಕಕಾಲಕ್ಕೆ ಹಲವು ಗಾಡಿಗಳು ಓಡುತ್ತಿರುತ್ತವೆ. ಅವು ಒಂದಕ್ಕೊಂದು ಗುದ್ದದಂತೆ ನೋಡಿಕೊಳ್ಳಲು ರೈಲ್ವೆಯಿಂದ ಎರವಲು ತಂದ ವ್ಯವಸ್ಥೆಯಿದೆ. ಹಳಿಯನ್ನು ‘ಬ್ಲಾಕ್’ಗಳಾಗಿ ಪಾಲು ಮಾಡಿರುತ್ತಾರೆ, ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಮುಂದಿನ ಬ್ಲಾಕ್ ಖಾಲಿಯಾಗಿದೆ ಎಂದು ಸೆನ್ಸರ್‌ಗಳು ಹೇಳುವ ತನಕ ಹಿಂದಿನ ಗಾಡಿಯನ್ನು ಕಂಪ್ಯೂಟರ್ ಬಿಡುವುದಿಲ್ಲ. ರೈಲ್ವೆಯಲ್ಲಿ ಸಿಗ್ನಲ್ ಕೆಂಪಿದ್ದರೂ ಚಾಲಕ ಮುಂದೆ ಹೋಗಿಬಿಡಬಹುದು. ಕೋಸ್ಟರ್‌ನಲ್ಲಿ ಚಾಲಕನೇ ಇಲ್ಲ, ಬ್ರೇಕು ಇರುವುದು ಗಾಡಿಯಲ್ಲಲ್ಲ, ಹಳಿಯಲ್ಲಿ. ಆ ಮಟ್ಟಿಗೆ ಇದು ರೈಲಿಗಿಂತ ಭದ್ರ.

2015ರ ಜೂನ್ 2ರ ಮಧ್ಯಾಹ್ನ ಏನೋ ತೊಂದರೆಯೆಂದು ಸ್ಮೈಲರ್ ನಿಲ್ಲಿಸಿದ್ದರು. ಅಂದು ನಾಲ್ಕು ಗಾಡಿಗಳ ಜೊತೆಗೆ ಐದನೆಯದನ್ನೂ ಹಳಿಗಿಳಿಸಿದ್ದರು. ದುರಸ್ತಿಗೆ ಬಂದ ಎಂಜಿನಿಯರ್‌ಗಳಿಗೆ ಆ ವಿಷಯ ಗೊತ್ತಿರಲಿಲ್ಲ. ಪರೀಕ್ಷೆಗೆಂದು ಖಾಲಿ ಗಾಡಿಯೊಂದನ್ನು ಬಿಟ್ಟರು. ಖಾಲಿ ಗಾಡಿ ಹಗುರ. ಜೊತೆಗೆ ಅಂದು ಬೀಸುತ್ತಿದ್ದ ಗಾಳಿ ತಯಾರಕರು ಹಾಕಿದ್ದ ಮಿತಿಯನ್ನು ಮೀರಿತ್ತು. ಗಾಡಿ ಒಂದು ಉಬ್ಬು ಹತ್ತಲಾರದೆ ಹಿಂದಕ್ಕೆ ಜಾರಿ, ತಗ್ಗಿನಲ್ಲಿ ನಿಂತುಬಿಟ್ಟಿತು. ಆಮೇಲೆ ಹೊರಟ 16 ಜನರ ಗಾಡಿಯನ್ನು ಕಂಪ್ಯೂಟರ್ ಏರಿನಲ್ಲೇ ತಡೆದು ನಿಲ್ಲಿಸಿತು. ಮುಂದೆ ಗಾಡಿಯಿದೆ, ಬಿಡುವುದಿಲ್ಲ ಎಂದಿತು. ಅದು ಹೇಳಿದ್ದರಲ್ಲಿ ಅಕ್ಷರವೂ ತಪ್ಪಿರಲಿಲ್ಲ.

ಎಂಜಿನಿಯರ್‌ಗಳು ಮನಸ್ಸಿನಲ್ಲೇ ಗಾಡಿಗಳನ್ನು ಎಣಿಸಿದರು. ನಾಲ್ಕೂ ಕಣ್ಣೆದುರಿಗಿವೆ, ಲೆಕ್ಕ ಸರಿಯಿದೆ. ಅಂದಮೇಲೆ ಕಂಪ್ಯೂಟರೇ ಕೆಟ್ಟಿದೆ ಎಂದುಕೊಂಡರು. ತಡೆಯನ್ನು ಕೈಯಾರೆ ತೆಗೆದು ಗಾಡಿ ಬಿಟ್ಟರು. ಮುಂದಿನ ಸಾಲಿನಲ್ಲಿ ಕೂತವರಿಗೆ ಹಳಿಯ ಮೇಲೆ ನಿಂತಿದ್ದ ಖಾಲಿ ಗಾಡಿ ಕಾಣುತ್ತಿತ್ತು. ಒಂದೂವರೆ ಟನ್ನಿನ ಕಾರು ಗಂಟೆಗೆ ಸುಮಾರು 145 ಕಿಲೊಮೀಟರ್ ವೇಗದಲ್ಲಿ ಗುದ್ದಿದಷ್ಟು ಹೊಡೆತ ಎಂದು ಆಮೇಲೆ ತನಿಖೆಯವರು ಅಂದಾಜು ಮಾಡಿದರು. ವಾಲಿ ನಿಂತ ಗಾಡಿಯಿಂದ ಎಲ್ಲರನ್ನೂ ಇಳಿಸಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು. ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು.

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ತನಿಖೆಯಲ್ಲಿ ಹಳಿ, ಗಾಡಿ, ಕಂಪ್ಯೂಟರ್ ಯಾವುದರಲ್ಲೂ ದೋಷ ಸಿಗಲಿಲ್ಲ. ಎಂಜಿನಿಯರ್‌ಗಳನ್ನು ಬಲಿಪಶು ಮಾಡಲೂ ಅವರು ಹೋಗಲಿಲ್ಲ. ಯಂತ್ರ ನಿಂತಾಗ ಯಾರು, ಯಾವ ಕ್ರಮದಲ್ಲಿ, ಏನನ್ನು ಕಣ್ಣಾರೆ ನೋಡಿದ ಮೇಲೆ ತಡೆ ತೆಗೆಯಬೇಕು ಎಂಬ ಕಟ್ಟುನಿಟ್ಟಾದ ವಿಧಾನವನ್ನೇ ಕಂಪನಿ ಮಾಡಿರಲಿಲ್ಲ ಎಂಬುದು ಆರೋಪ. ರೈಡ್ ಕೆಟ್ಟು ನಿಲ್ಲುವ ಹೊತ್ತು ಕಡಿಮೆಯಾದರೆ ಸಿಬ್ಬಂದಿಗೆ ಬೋನಸ್ ಇತ್ತು ಎಂಬ ಸಂಗತಿಯೂ ನ್ಯಾಯಾಲಯದ ಮುಂದೆ ಬಂತು. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕುಟುಕಿದ್ದು ಇದೇ. 2016ರ ಸೆಪ್ಟೆಂಬರ್‌ನಲ್ಲಿ ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು.

ಸ್ಮೈಲರ್‌ಗೆ ಬಾಯಿಯಾದರೂ ಇತ್ತು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಡ್ರೀಮ್‌ವರ್ಲ್ಡ್‌ನಲ್ಲಿದ್ದ ‘ಥಂಡರ್ ರಿವರ್ ರ‍್ಯಾಪಿಡ್ಸ್’ಗೆ ಅದೂ ಇರಲಿಲ್ಲ. ಹೆದರಿಸುವ ರೈಡ್ ಅಲ್ಲ ಅದು. ದುಂಡನೆಯ ತೆಪ್ಪದಲ್ಲಿ ಮನೆಮಂದಿಯೆಲ್ಲ ಕೂತು ತೇಲುತ್ತ ಬಂದು, ಕೊನೆಗೆ ಕನ್ವೇಯರ್ ಪಟ್ಟಿಯ ಮೇಲೆ ಹತ್ತಿ ಇಳಿಯುವುದು. ನೀರನ್ನು ಎತ್ತರದಲ್ಲಿ ಹಿಡಿದಿಡಲು ಎರಡು ದೊಡ್ಡ ಪಂಪುಗಳು. 2016ರ ಅಕ್ಟೋಬರ್ 25ರಂದು ಬೆಳಗಿನಿಂದ ಒಂದು ಪಂಪು ಮತ್ತೆ ಮತ್ತೆ ಕೈಕೊಡುತ್ತಿತ್ತು. ಮಧ್ಯಾಹ್ನ ಮತ್ತೊಮ್ಮೆ ನಿಂತಾಗ ನೀರು ಸರ‍್ರನೆ ಇಳಿಯಿತು. ಖಾಲಿ ತೆಪ್ಪವೊಂದು ಕನ್ವೇಯರ್‌ನ ತುದಿಯಲ್ಲಿ, ನೀರಿಲ್ಲದೆ ಬಯಲಾದ ಕಂಬಿಗಳ ಮೇಲೆ ಕುಳಿತುಬಿಟ್ಟಿತು. ಕನ್ವೇಯರ್ ಮಾತ್ರ ಓಡುತ್ತಲೇ ಇತ್ತು, ಆರು ಜನರಿದ್ದ ಇನ್ನೊಂದು ತೆಪ್ಪವನ್ನು ತಂದು ಅದಕ್ಕೆ ಒತ್ತಿತು. ನಾಲ್ವರು ಸತ್ತರು. ನೀರಿನ ಮಟ್ಟ ಇಳಿದರೆ ಕನ್ವೇಯರ್ ತಾನಾಗಿ ನಿಲ್ಲುವಂಥ ಸೆನ್ಸರ್ ಅಲ್ಲಿರಲಿಲ್ಲ. ಗೋಡೆಯ ಮೇಲಿನ ಕಲೆಯನ್ನು ಕಣ್ಣಂದಾಜಿನಲ್ಲಿ ನೋಡಿ ಸಿಬ್ಬಂದಿ ಮಟ್ಟ ತಿಳಿಯಬೇಕಿತ್ತು. ನಮ್ಮ ಮನೆಯ ಸಿಂಟೆಕ್ಸ್ ಟ್ಯಾಂಕಿಗೂ ಇವತ್ತು ಫ್ಲೋಟ್ ಸ್ವಿಚ್ ಇರುತ್ತದೆ. ಪಟ್ಟಿಯನ್ನು ಎರಡೇ ಸೆಕೆಂಡಿನಲ್ಲಿ ನಿಲ್ಲಿಸುವ ಗುಂಡಿಯೊಂದು ಇಳಿಯುವ ಜಾಗದಲ್ಲಿತ್ತು. ಅಲ್ಲಿದ್ದ ನಿರ್ವಾಹಕಿಗೆ ಆ ರೈಡ್‌ನಲ್ಲಿ ಅದು ಮೊದಲ ದಿನ, ಗುಂಡಿಯ ಮಹತ್ವವನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. 2020ರಲ್ಲಿ ಕಂಪನಿಗೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡವಾಯಿತು.

ಇನ್ನು ಯಂತ್ರದಿಂದ ಬಲವಂತವಾಗಿ ‘ಹೂಂ’ ಅನ್ನಿಸುವುದು. 2022ರ ಮಾರ್ಚ್‌ನಲ್ಲಿ ಫ್ಲೋರಿಡಾದ ಒರ್ಲಾಂಡೊದಲ್ಲಿ 430 ಅಡಿ ಗೋಪುರದಿಂದ ಧುಮುಕುವ ರೈಡ್‌ನಲ್ಲಿ 14 ವರ್ಷದ ಹುಡುಗನೊಬ್ಬ ಆಸನದಿಂದ ಜಾರಿ ಬಿದ್ದು ಸತ್ತ. ಮೈದಪ್ಪದ ಹುಡುಗ, ಹೆಗಲ ಮೇಲಿಂದ ಬರುವ ತಡೆ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಅಷ್ಟು ಸಂದು ಉಳಿದರೆ ರೈಡ್ ಹೊರಡಲೇಬಾರದು. ಆದರೆ ಆ ಆಸನದ ಸೆನ್ಸರ್‌ನ ಜಾಗವನ್ನು ಮೊದಲೇ ಕೈಯಿಂದ ಸರಿಸಿ, ದೊಡ್ಡ ಸಂದನ್ನೂ ಅದು ಒಪ್ಪಿಕೊಳ್ಳುವಂತೆ ಮಾಡಿದ್ದರು. ಎಲ್ಲ ಸರಿಯಿದೆ ಎಂಬ ದೀಪ ಹತ್ತಿತು.

ಈ ಸಂದಿನ ವಿಷಯ ನಮ್ಮ ಜಾತ್ರೆ, ವಸ್ತುಪ್ರದರ್ಶನಗಳಿಗೂ ನೇರವಾಗಿ ಸಂಬಂಧಿಸಿದ್ದು. ತೂಗಾಡುವ ಹಡಗು ಇದೆಯಲ್ಲ, ಎಲ್ಲರ ಬಾಯಲ್ಲೂ ‘ಕೊಲಂಬಸ್’, ಅದರ ಒಂದು ಸಾಲಿಗೆಲ್ಲ ಒಂದೇ ಅಡ್ಡಕಂಬಿ. ಅಪ್ಪನ ಪಕ್ಕದಲ್ಲಿ ಏಳು ವರ್ಷದ ಮಗ. ಕಂಬಿಯನ್ನು ಎಳೆದಾಗ ಅದು ನಿಲ್ಲುವುದು ಸಾಲಿನಲ್ಲಿ ಯಾರ ತೊಡೆ ದಪ್ಪವೋ ಅವರ ತೊಡೆಗೆ ತಾಗಿ. ಅಪ್ಪನಿಗೆ ಬಿಗಿಯಾದ ಕಂಬಿಗೂ ಮಗನ ತೊಡೆಗೂ ನಡುವೆ ಅಂಗೈ ಅಗಲದ ಜಾಗ. ಹಡಗು ತುದಿ ಮುಟ್ಟಿ ಹಿಂದಿರುಗುವ ಆ ಗಳಿಗೆಯಲ್ಲಿ ಮೈ ಆಸನದಿಂದ ಮೇಲೇಳುತ್ತದೆ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುವುದು ಆಗಲೇ. ಆಗ ಮಗನನ್ನು ಹಿಡಿದಿರುವುದು ಕಂಬಿಯಲ್ಲ, ಅವನದೇ ಪುಟ್ಟ ಕೈಗಳು. ಪಾರ್ಕುಗಳ ಬಾಗಿಲಲ್ಲಿ ಬರೆದಿರುವ ಎತ್ತರದ ಗೆರೆ ಮಗುವಿನ ಧೈರ್ಯ ಅಳೆಯುವುದಕ್ಕಲ್ಲ. ಕಂಬಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಬಳಿ ಕೂರುವಷ್ಟು ತೊಡೆ, ಹಿಂದಕ್ಕೊರಗಿ ಕೂತರೆ ನೆಲಕ್ಕೆ ಊರಿಕೊಳ್ಳುವಷ್ಟು ಕಾಲು ಬೆಳೆದಿದೆಯೇ ಎಂದು ನೋಡುವ ಸುಲಭದ ದಾರಿ ಅದು. ಹಿಮ್ಮಡಿ ಎತ್ತಿಸಿ, ದಪ್ಪ ಅಟ್ಟೆಯ ಬೂಟು ಹಾಕಿಸಿ ಗೆರೆ ದಾಟಿಸುವ ತಂದೆತಾಯಿಗಳು ಯಾರಿಗೆ ಮೋಸ ಮಾಡುತ್ತಿದ್ದಾರೋ!

ಗೋ-ಕಾರ್ಟ್‌ಗಳದ್ದು ಬೇರೆ ಕತೆ. ನೆಲಕ್ಕಂಟಿದ ಪುಟ್ಟ ಗಾಡಿಯಲ್ಲಿ ಬೆನ್ನ ಹಿಂದೆಯೇ ತಿರುಗುವ ಅಚ್ಚು, ಎಷ್ಟೋ ಕಡೆ ಅದಕ್ಕೆ ಮುಚ್ಚಳವಿರುವುದಿಲ್ಲ. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಯುವತಿಯೊಬ್ಬಳ ಕೂದಲು ಅದಕ್ಕೆ ಸಿಕ್ಕಿ ಆಕೆ ಸತ್ತೇಹೋದಳು. ಜಡೆ, ದುಪಟ್ಟಾ, ಸೆರಗು ಇರುವ ದೇಶದಲ್ಲಿ ಆ ಅಚ್ಚಿಗೊಂದು ತಗಡಿನ ಕವಚ ಹೊದಿಸುವುದು ದೊಡ್ಡ ಖರ್ಚೇನಲ್ಲ.

ಸೆನ್ಸರ್ ಇಲ್ಲದ, ಮಾತೇ ಬಾರದ ಭಾಗವೆಂದರೆ ಉಕ್ಕು. 2017ರ ಜುಲೈ 26ರಂದು ಅಮೆರಿಕದ ಒಹಾಯೊ ರಾಜ್ಯದ ಮೇಳದಲ್ಲಿ ‘ಫೈರ್ ಬಾಲ್’ ಎಂಬ ಲೋಲಕದ ರೈಡ್‌ನ ತೋಳು ಮುರಿದು ಜನ ಗಾಳಿಗೆಸೆಯಲ್ಪಟ್ಟರು. 18 ವರ್ಷದ ಯುವಕ ಅಲ್ಲೇ ತೀರಿಕೊಂಡ. ಅದೇ ದಿನ ಇನ್‌ಸ್ಪೆಕ್ಟರ್‌ಗಳು ಅದನ್ನು ನೋಡಿ ಒಪ್ಪಿಗೆ ಕೊಟ್ಟಿದ್ದರು. 18 ವರ್ಷ ಹಳೆಯ ಯಂತ್ರ, ಟೊಳ್ಳು ತೊಲೆಯ ಒಳಗಿನಿಂದ ತುಕ್ಕು ತಿಂದು ಗೋಡೆ ತೆಳ್ಳಗಾಗಿತ್ತು ಎಂದು ತಯಾರಕರು ಆಮೇಲೆ ತಿಳಿಸಿದರು. ಹೊರಗೆ ಬಣ್ಣ ನೆಟ್ಟಗಿದ್ದರೆ ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅಲ್ಟ್ರಾಸೌಂಡ್ ಹಾಯಿಸಿ ಗೋಡೆಯ ದಪ್ಪ ಅಳೆಯಬೇಕು. ವೆಲ್ಡಿಂಗ್ ಕೀಲುಗಳ ಕೂದಲೆಳೆಯ ಬಿರುಕಿಗೆ ಬಣ್ಣದ ದ್ರವ ಹಚ್ಚಿ ನೋಡುವ ಪರೀಕ್ಷೆಯಿದೆ, ಅದೇನೂ ದುಬಾರಿಯಲ್ಲ. ನಮ್ಮಲ್ಲಿ 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಇಂಥದೇ ಲೋಲಕದ ತೋಳು ತೂಗಾಟದ ನಡುವೆಯೇ ಮುರಿದು ಇಬ್ಬರು ಸತ್ತರು, 25ಕ್ಕೂ ಹೆಚ್ಚು ಜನ ಗಾಯಗೊಂಡರು.

ಊರೂರು ತಿರುಗುವ ಜಾತ್ರೆಯ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್‌ಗಳಿಗೆ ಇನ್ನೊಂದು ಕಷ್ಟ. ಅವುಗಳನ್ನು ಮತ್ತೆ ಮತ್ತೆ ಬಿಚ್ಚಿ, ಲಾರಿಗೆ ಹೇರಿ, ಗದ್ದೆಬಯಲಿನಲ್ಲಿ ಮರದ ದಿಮ್ಮಿ ಕೊಟ್ಟು ಮಟ್ಟ ಮಾಡಿ ಜೋಡಿಸುತ್ತಾರೆ. ಪ್ರತಿ ಜೋಡಣೆಯಲ್ಲೂ ಪಿನ್ನಿನ ತೂತು ಒಂದಿಷ್ಟು ಸವೆಯುತ್ತದೆ. ರಾತ್ರಿ ಮಳೆ ಬಂದರೆ ದಿಮ್ಮಿಯ ಕೆಳಗಿನ ಮಣ್ಣು ಕುಸಿಯುತ್ತದೆ, ಬೆಳಿಗ್ಗೆ ತೊಟ್ಟಿಲು ಒಂದೆಡೆ ವಾಲಿರುತ್ತದೆ. ಪಿನ್ನು ಜಾರದಂತೆ ಹಾಕುವ ಚಿಕ್ಕ ಕ್ಲಿಪ್ಪಿನ ಜಾಗದಲ್ಲಿ ಬೈಂಡಿಂಗ್ ತಂತಿ ಸುತ್ತಿದ್ದರೆ ಹತ್ತದೆ ಬಂದುಬಿಡಿ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಅಪಾಯ ಹತ್ತಿ ಕೂತವರಿಗೆ ಮಾತ್ರವಲ್ಲ. ಅಮೆರಿಕದಲ್ಲಿ 1994ರಿಂದ 2004ರವರೆಗೆ ರೋಲರ್ ಕೋಸ್ಟರ್‌ಗಳಿಗೆ ಸಂಬಂಧಿಸಿದ 40 ಸಾವುಗಳನ್ನು ವೈದ್ಯ ಸಂಶೋಧಕರು ಬಿಡಿಸಿ ನೋಡಿದ್ದಾರೆ. ಸತ್ತವರಲ್ಲಿ ಸವಾರರು 29. ಅವರಲ್ಲೂ 18 ಜನರಿಗೆ ಹೃದಯ, ಮಿದುಳಿನ ರಕ್ತನಾಳ ಮುಂತಾದ ಕಾಯಿಲೆಯ ಕಾರಣವಿತ್ತು. ಬಿದ್ದು, ಗುದ್ದಿಸಿಕೊಂಡು ಸತ್ತವರು 11. ಉಳಿದ 11 ಜನ ರೈಡ್ ಹತ್ತಿದವರೇ ಅಲ್ಲ. ಹಳಿಗೆ ಗ್ರೀಸ್ ಹಚ್ಚಲು, ಏನನ್ನೋ ಬಿಗಿ ಮಾಡಲು ಹೋದಂಥ ಕೆಲಸಗಾರರು, ಇಲ್ಲವೇ ಬೇಲಿ ಹಾರಿ ಹೋದಂಥವರು. 2015ರಲ್ಲಿ ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ಒಬ್ಬಾತ ಬಿದ್ದ ಫೋನು ಹುಡುಕಲು ಬೇಲಿಯೊಳಗೆ ಹೋಗಿ, ಬರುತ್ತಿದ್ದ ಕೋಸ್ಟರ್ ಬಡಿದು ಸತ್ತ. ಕೆಲಸಗಾರರ ವಿಷಯದಲ್ಲಿ ಕಾರ್ಖಾನೆಗಳಲ್ಲಿ ಹಳೆಯದೊಂದು ಪದ್ಧತಿಯಿದೆ. ಯಂತ್ರದೊಳಗೆ ಇಳಿಯುವವನು ಮೊದಲು ಮುಖ್ಯ ಸ್ವಿಚ್ಚಿಗೆ ತನ್ನದೇ ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಇಬ್ಬರು ಇಳಿದರೆ ಎರಡು ಬೀಗ. ಮೇಲೆ ಬಂದು ತನ್ನ ಬೀಗ ತಾನೇ ತೆಗೆಯುವ ತನಕ ಮ್ಯಾನೇಜರ್ ಬಂದು ಕೂಗಾಡಿದರೂ ಯಂತ್ರ ಚಾಲೂ ಆಗುವುದಿಲ್ಲ.