ಎಸ್‌ಪ್ರೆಸೊ ಯಂತ್ರವೂ ವಿಜಯಪುರದ ನೀರೂ

ವಿಜಯಪುರ ಮೊದಲಿನಿಂದಲೂ ಚಹಾದ ಊರು. ಗಾಂಧಿ ಚೌಕದ ಸುತ್ತಿನ ಹೋಟೆಲುಗಳಲ್ಲಿ ನಸುಕಿನಿಂದ ರಾತ್ರಿಯವರೆಗೆ ಒಲೆಯ ಮೇಲೆ ಕುದಿಯುವುದು ಚಹಾವೇ; ಕಾಫಿ ಇಲ್ಲಿ ಬಹುಕಾಲ ಮಲೆನಾಡಿನ ಬೀಗರು ಬಂದಾಗಲಷ್ಟೇ ನೆನಪಾಗುವ ಪಾನೀಯವಾಗಿತ್ತು. ಇಂತಹ ಸೀಮೆಗೂ ಈಚೆಗೆ, ಬೆಂಗಳೂರು ಪುಣೆಗಳ ಉದ್ಯೋಗದಿಂದ ಮರಳಿದ ತರುಣರ ಗಂಟುಮೂಟೆಯೊಡನೆ, ಮನೆಬಳಕೆಯ ಎಸ್‌ಪ್ರೆಸೊ ಯಂತ್ರ ಅಲ್ಲಲ್ಲಿ ಪ್ರವೇಶ ಪಡೆದಿರುವುದುಂಟು. ಅದರ ಬೆನ್ನಿಗೇ ಒಂದು ದೂರೂ ಬಂದಿದೆ. ಅದೇ ಪುಡಿ, ಅದೇ ಗುಂಡಿ, ಅದೇ ಕೈ; ಆದರೂ ಬೆಳಿಗ್ಗೆ ದಟ್ಟವಾಗಿ ಇಳಿದ ಕಾಫಿ ಸಂಜೆಗೆ ಹುಳಿಯಾದ ತಿಳಿನೀರಾಗುತ್ತದೆ, ಮರುದಿನ ತೊಟ್ಟಿಕ್ಕಿ ತೊಟ್ಟಿಕ್ಕಿ ಕಹಿಯಾಗುತ್ತದೆ. ಕೊಂಡವರು ಕೂಡಲೇ ಯಂತ್ರವನ್ನು ಶಪಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಆ ಬಡ ಯಂತ್ರ ಬಹುಪಾಲು ನಿರಪರಾಧಿ. ಅದರ ಸುತ್ತಲಿನ ಗಾಳಿ, ನೀರು, ವಿದ್ಯುತ್ತುಗಳನ್ನು ವಿಚಾರಿಸದೆ ಅದಕ್ಕೆ ಶಿಕ್ಷೆ ವಿಧಿಸುವುದು ನ್ಯಾಯವಲ್ಲ.

ಎಸ್‌ಪ್ರೆಸೊ ಎಂದರೆ ಒತ್ತಡದ ಕಾಫಿ. ಇಟಲಿಯ ಟ್ಯುರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಆವಿಯ ಬಲದಿಂದ ಕಾಫಿ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮಿಲಾನಿನ ಅಕಿಲ್ಲೆ ಗಾಜ್ಜಿಯ ಎಂಬವನು 1938ರಿಂದ ಮುಂದಣ ಹತ್ತು ವರ್ಷಗಳಲ್ಲಿ ಆವಿಯನ್ನು ಬಿಟ್ಟು, ಸನ್ನೆಗೋಲಿನಿಂದ ಬಿಸಿನೀರನ್ನೇ ಒತ್ತುವ ಕ್ರಮವನ್ನು ರೂಪಿಸಿದಂದಿನಿಂದ ಬಟ್ಟಲಿನ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. ಇಂದು ವಾಡಿಕೆಯಲ್ಲಿರುವ ಲೆಕ್ಕ ಇಷ್ಟೆ: ಸುಮಾರು 18 ಗ್ರಾಂ ನಯವಾದ ಪುಡಿ, 90ರಿಂದ 96 ಡಿಗ್ರಿ ಶಾಖದ ನೀರು, ವಾಯುಮಂಡಲದ ಒಂಬತ್ತು ಮಡಿ ಒತ್ತಡ, 25ರಿಂದ 30 ಸೆಕೆಂಡು, ಕೊನೆಗೆ ಬಟ್ಟಲಿನಲ್ಲಿ 36 ಗ್ರಾಂ ಕಾಫಿ. ಸೋಸುಪಾತ್ರೆಯ ಡಿಕಾಕ್ಷನ್ನಿಗೆ ಗಂಟೆಗಟ್ಟಲೆ ಅವಕಾಶವಿರುವುದರಿಂದ ಅದರಲ್ಲಿ ಸಣ್ಣ ತಪ್ಪುಗಳು ಕರಗಿಹೋಗುತ್ತವೆ. ಅರ್ಧ ನಿಮಿಷದೊಳಗೆ ಎಲ್ಲವೂ ಮುಗಿಯಬೇಕಾದ ಇಲ್ಲಿ ಅವೇ ತಪ್ಪುಗಳು ಎದ್ದು ಕಾಣುತ್ತವೆ.

ಆದಕಾರಣ ಮೊದಲು ವಿಚಾರಿಸಬೇಕಾದುದು ಪುಡಿಯನ್ನು. ಕಾಫಿ ಬೀಸುವ ಒಳ್ಳೆಯ ಗ್ರೈಂಡರು ನಮ್ಮ ಅಜ್ಜಿಯರ ಬೀಸುಕಲ್ಲಿನ ವಂಶದ್ದೇ: ಎರಡು ಹಲ್ಲಿನ ಬಿಲ್ಲೆಗಳ ನಡುವಣ ಅಂತರ ಹೆಚ್ಚಿದರೆ ಜೋಳದ ನುಚ್ಚು, ತಗ್ಗಿದರೆ ಹಿಟ್ಟು. ಮಿಕ್ಸಿಯ ಅಲಗಾದರೋ ಬೀಸುವುದಿಲ್ಲ, ಕಡಿಯುತ್ತದೆ. ನುಚ್ಚೂ ಹಿಟ್ಟೂ ಬೆರೆತ ಆ ಪುಡಿಯಿಂದ ಒಂದೇ ಬಗೆಯ ಎಸ್‌ಪ್ರೆಸೊವನ್ನು ಎರಡು ಸಲ ಪಡೆಯುವುದು ದೈವಕೃಪೆ. ಕಾಫಿ ಬೇಗ ಸುರಿದರೆ ಪುಡಿ ನಯವಾಗಬೇಕು, ನಿಧಾನವಾದರೆ ತುಸು ತರಿಯಾಗಬೇಕು. ಆದರೆ ಬಿಲ್ಲೆಗಳ ಸಂದಿನಲ್ಲಿ ಹಳೆಯ ಪುಡಿ ಸ್ವಲ್ಪ ಉಳಿದೇ ಇರುವುದರಿಂದ, ಅಂತರವನ್ನು ಬದಲಿಸಿದ ಮೇಲಿನ ಮೊದಲ ಬಟ್ಟಲಿನ ಸಾಕ್ಷ್ಯವನ್ನು ನಂಬಲಾಗದು. ಚಮಚದ ಅಳತೆಯನ್ನೂ ನಂಬಲಾಗದು. ಗ್ರಾಮಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿಯೊಂದು ಮನೆಯಲ್ಲಿದ್ದು, ಹಾಕಿದ ಪುಡಿ, ಇಳಿದ ಕಾಫಿ, ಹಿಡಿದ ಸೆಕೆಂಡು ಈ ಮೂರನ್ನೂ ಬರೆದಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸುವವನಿಗೆ ಅರ್ಧ ರಹಸ್ಯ ತಾನಾಗಿ ತೆರೆದುಕೊಳ್ಳುತ್ತದೆ.

ಇನ್ನು ಗಾಳಿ. ತಿಕೋಟಾದ ಸುತ್ತ ದ್ರಾಕ್ಷಿಯನ್ನು ನೆರಳಿನ ಶೆಡ್ಡುಗಳಲ್ಲಿ ಹರವಿ ಒಣದ್ರಾಕ್ಷಿ ಮಾಡುವ ಉದ್ಯಮವು ಬೆಳೆದುದಕ್ಕೆ ಯಾವ ಶುಷ್ಕ ವಾಯುವಿನ ಕೃಪೆ ಕಾರಣವೋ, ಅದೇ ವಾಯು ಕಾಫಿ ಬೀಸುವವನಿಗೆ ಉಪದ್ರವಕಾರಿ. ಒಣಗಿದ ಬೀಜವನ್ನು ಬೀಸಿದಾಗ ಘರ್ಷಣೆಯಿಂದ ವಿದ್ಯುದಾವೇಶ ಹುಟ್ಟಿ, ಪುಡಿ ಗ್ರೈಂಡರಿನ ಮೈಗೆ ಅಂಟುತ್ತದೆ, ತನ್ನಲ್ಲೇ ಗಂಟುಕಟ್ಟುತ್ತದೆ. ಗಂಟುಗಳ ನಡುವಣ ಸಡಿಲ ಜಾಗದಲ್ಲಿ ನೀರು ಕಾಲುವೆ ತೋಡಿಕೊಂಡು ಹರಿದುಹೋಗುವುದರಿಂದ, ಒಂದು ಭಾಗ ಅತಿಯಾಗಿ ಬೆಂದು ಕಹಿಯಾದರೆ ಇನ್ನೊಂದು ಭಾಗ ನೆನೆಯದೆ ಹುಳಿಯಾಗಿ ಉಳಿಯುತ್ತದೆ. ಒಂದೇ ಬಟ್ಟಲಿನಲ್ಲಿ ಎರಡು ದೋಷಗಳೂ ಸೇರಿ ಕುಡಿಯುವವನನ್ನು ದಿಕ್ಕುಗೆಡಿಸುತ್ತವೆ. ಬೀಸುವ ಮುನ್ನ ಬೀಜದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ ಕಲಸಿದರೆ ಈ ಆವೇಶ ಬಹಳಮಟ್ಟಿಗೆ ಅಡಗುತ್ತದೆಂದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ಪುಡಿಯನ್ನು ಯಂತ್ರದ ಹಿಡಿಯಲ್ಲಿರುವ ಜಾಲರಿಬಟ್ಟಲಿಗೆ ತುಂಬಿದ ಮೇಲೆ ಸಣ್ಣ ಸೂಜಿಯಿಂದ ಕೆದಕಿ ಸಮಮಾಡಿ, ಓರೆಯಾಗದಂತೆ ಒತ್ತುವುದು ಮಿಕ್ಕ ಉಪಾಯ. ಮಳೆ ಹಿಡಿದು ಗಾಳಿಯಲ್ಲಿ ತೇವ ಬಂದೊಡನೆ ಚೈತ್ರದ ಲೆಕ್ಕ ಶ್ರಾವಣಕ್ಕೆ ಸಲ್ಲದೆ ಹೋದರೆ ಅಚ್ಚರಿಪಡಬೇಕಾಗಿಲ್ಲ.

ಬೀಜದ ವಿಷಯ ಸಂಕ್ಷೇಪವಾಗಿ ಹೇಳಬಹುದು. ಹುರಿದ ಬೀಜ ಕೆಲವು ದಿನ ಇಂಗಾಲಾಮ್ಲವನ್ನು ಹೊರಬಿಡುತ್ತಲೇ ಇರುತ್ತದೆ. ತೀರ ಹೊಸತಾದರೆ ಆ ಅನಿಲ ನೀರಿಗೆ ಅಡ್ಡಬರುತ್ತದೆ, ತೀರ ಹಳತಾದರೆ ನೊರೆಯೂ ಇಲ್ಲ, ತಡೆಯೂ ಇಲ್ಲ. ಚಿಕ್ಕಮಗಳೂರಿನಿಂದ ತರಿಸಿದ ಪೊಟ್ಟಣದ ಮೇಲೆ ಹುರಿದ ತಾರೀಖನ್ನು ನೋಡಿ, ಒಂದು ವಾರದಿಂದ ಮೂರು ನಾಲ್ಕು ವಾರಗಳೊಳಗೆ ಮುಗಿಸುವುದು ಲೇಸು; ನಲವತ್ತು ಡಿಗ್ರಿಯ ಬೇಸಗೆಯಲ್ಲಿ ತೆರೆದಿಟ್ಟ ಪೊಟ್ಟಣ ಅಷ್ಟು ದಿನವೂ ಬಾಳದು. ಚಿಕೋರಿ ಬೆರೆತ ಪುಡಿ ಸೋಸುಪಾತ್ರೆಗೆ ಭೂಷಣವೇ ಸರಿ. ನಮ್ಮ ಕಾನೂನು ನೂರಕ್ಕೆ 49 ಪಾಲಿನವರೆಗೆ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ನೀರಿನಲ್ಲಿ ಬೇಗ ಕರಗಿ ಅಂಟಾಗುವ ಆ ಬೇರು ಎಸ್‌ಪ್ರೆಸೊ ಜಾಲರಿಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ನೀರಿನ ಚಿಂತೆ ಈ ನಗರಕ್ಕೆ ಹೊಸದಲ್ಲ. ತೊರವಿಯಿಂದ ನೆಲದೊಳಗಿನ ಸುರಂಗಗಳಲ್ಲಿ ನೀರು ತಂದು, 1620ರ ಸುಮಾರಿಗೆ ತಾಜ್ ಬಾವಡಿಯಂಥ ಮಹಾಕೂಪವನ್ನು ಕಟ್ಟಿಸಿದ ಆದಿಲಶಾಹಿಗಳ ಕಾಳಜಿ ನೀರಿನ ಪ್ರಮಾಣದ್ದು. ನಮ್ಮದು ಅದರ ಗುಣದ್ದು. ಕಪ್ಪುಶಿಲೆಯ ಈ ನೆಲದಲ್ಲಿ ಆಳದ ಬೋರಿನ ನೀರು ಅನೇಕ ಕಡೆ ಗಡುಸು. ಬಿಸಿನೀರಿನ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಕ್ಕಳೆಯೇ ಅದಕ್ಕೆ ಸಾಕ್ಷಿ. ಹಂಡೆಯಲ್ಲಿ ಕಟ್ಟುವುದೇ ಯಂತ್ರದ ಕೂದಲೆಳೆಯಂಥ ನಳಿಗೆಗಳಲ್ಲೂ ಕಟ್ಟುತ್ತದೆ: ಹರಿವು ಕುಗ್ಗುತ್ತದೆ, ಶಾಖ ಅಳೆಯುವ ಮುಳ್ಳು ಹೊದಿಕೆಯೊಳಗೆ ಸಿಕ್ಕಿ ಮೋಸಹೋಗುತ್ತದೆ, ಕಾಫಿಯ ಸವಿಯಾದ ಹುಳಿ ಸತ್ತು ಸಪ್ಪೆಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಸಹಿಸುತ್ತದೆ. ಕಾಫಿಯವರು ಬಯಸುವುದು 50ರಿಂದ 175ರ ಒಳಗೆ. ಅರ್ಥಾತ್ ಮನುಷ್ಯನಿಗೆ ಸಲ್ಲುವ ನೀರು ಯಂತ್ರಕ್ಕೆ ಸಲ್ಲದಿರಬಹುದು. ಹಾಗೆಂದು ಆರ್‌ಒ ನೀರನ್ನಷ್ಟೇ ಸುರಿಯುವುದೂ ಸರಿಯಲ್ಲ. ಲವಣವೆಲ್ಲ ಕಳೆದ ಆ ನೀರು ಕಾಫಿಯ ಸಾರವನ್ನು ಸಮನಾಗಿ ಎಳೆಯದು, ಕೆಲವು ಯಂತ್ರಗಳ ನೀರಿನ ಮಟ್ಟ ಅಳೆಯುವ ಕಡ್ಡಿಗೆ ಅದು ಕಾಣಿಸುವುದೂ ಇಲ್ಲ. ಮಿಶ್ರಣವೇ ಮಧ್ಯಮಮಾರ್ಗ: ಬೋರಿನ ನೀರಿನ ಗಡಸುತನ 400, ಆರ್‌ಒ ನೀರಿನದು 20 ಎಂದಿದ್ದರೆ, ಮೊದಲನೆಯದು ಒಂದು ಲೋಟಕ್ಕೆ ಎರಡನೆಯದು ನಾಲ್ಕು ಲೋಟ ಬೆರೆಸಿದಾಗ 96ಕ್ಕೆ ಬಂದು ನಿಲ್ಲುತ್ತದೆ. ಟಿಡಿಎಸ್ ಮೀಟರು ಎಲ್ಲ ಲವಣಗಳನ್ನೂ ಒಟ್ಟಾಗಿ ಎಣಿಸುವುದರಿಂದ ಗಡಸುತನಕ್ಕೆ ಹನಿ ಹಾಕಿ ನೋಡುವ ಬೇರೆ ಪರೀಕ್ಷೆಯೇ ಬೇಕು. ನಾಲಗೆಗೇ ಉಪ್ಪೆನಿಸುವ ಸವುಳು ನೀರನ್ನಂತೂ ಬೆರೆಸಲೇಕೂಡದು, ಅದು ಲೋಹವನ್ನು ತಿನ್ನುತ್ತದೆ. ಬಬಲೇಶ್ವರದ ಕಡೆ ಮನೆಗೆ ಒಂದು ಕಾಲದಲ್ಲಿ ಕೃಷ್ಣೆಯ ನೀರು, ಇನ್ನೊಂದು ಕಾಲದಲ್ಲಿ ಬೋರಿನ ನೀರು ಬರುವುದಾದರೆ, ಮೂಲ ಬದಲಾದಾಗಲೆಲ್ಲ ಪರೀಕ್ಷೆಯೂ ಹೊಸದಾಗಬೇಕು.

ಸಂಜೆಯ ಕಾಫಿಯೇ ಕೆಡುವ ಮನೆಯಲ್ಲಿ ಕರೆಂಟನ್ನೂ ಶಂಕಿಸಬೇಕು. ಕಾಯಿಸುವ ಸುರುಳಿಯ ಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, 230 ಇರಬೇಕಾದುದು 190ಕ್ಕೆ ಇಳಿದರೆ ಶಾಖದ ಬಲ ನೂರಕ್ಕೆ 68ರಷ್ಟೇ ಉಳಿಯುತ್ತದೆ. ಹರಿಯುವ ನೀರನ್ನು ಹರಿಯುತ್ತಲೇ ಕಾಯಿಸುವ ಚಿಕ್ಕ ಯಂತ್ರಗಳು ಆಗ ಹಿಂದೆ ಬೀಳುತ್ತವೆ, ಪಂಪಿನ ಒತ್ತಡವೂ ಸೊರಗುತ್ತದೆ. ದೀಪ ಮಂಕಾದ ಹೊತ್ತಿನಲ್ಲಿ ಕಾಫಿ ಹುಳಿಯಾದರೆ ಯಂತ್ರಕ್ಕೆ ತಕ್ಕ ಸ್ಟೆಬಿಲೈಜರು ಬೇಕೆಂದೇ ಅರ್ಥ. ಹಸಿರು ದೀಪ ಹತ್ತಿದ ಮಾತ್ರಕ್ಕೆ ಯಂತ್ರ ಕಾದಿದೆಯೆಂದೂ ತಿಳಿಯಬಾರದು. ಹಿಡಿಯ ಲೋಹ ಇನ್ನೂ ತಣ್ಣಗೇ ಇರುತ್ತದೆ. ಪುಡಿ ಹಾಕದ ಜಾಲರಿಬಟ್ಟಲಿನ ಮೂಲಕ ಒಮ್ಮೆ ಬರಿಯ ಬಿಸಿನೀರನ್ನು ಹರಿಸಿದ ಬಳಿಕವೇ ಕಾಫಿಗೆ ಕೈಹಾಕಬೇಕು.

ಇಷ್ಟಾದರೂ ಗುಣ ನಿಲ್ಲದಿದ್ದಲ್ಲಿ ಮಾತ್ರ ಯಂತ್ರವನ್ನು ಕಟಕಟೆಗೆ ತರಬಹುದು. ಹೊಸದರಲ್ಲೇ, ಪುಡಿಯಿಲ್ಲದೆ ಮೂವತ್ತು ಸೆಕೆಂಡಿನಲ್ಲಿ ಇಳಿಯುವ ನೀರನ್ನು ತೂಗಿ ಬರೆದಿಟ್ಟುಕೊಂಡವರಿಗೆ ಈ ವಿಚಾರಣೆ ಸುಲಭ: ಆ ತೂಕ ತಗ್ಗಿದ್ದರೆ ಹಕ್ಕಳೆ ಕಟ್ಟಿದೆ ಅಥವಾ ಪಂಪು ಸವೆದಿದೆ, ಹಿಡಿಯ ಅಂಚಿನಿಂದ ನೀರು ಸೋರಿದರೆ ರಬ್ಬರಿನ ಉಂಗುರ ಗಡುಸಾಗಿದೆ. ಹಕ್ಕಳೆಯನ್ನು ತಯಾರಕರು ಹೇಳಿದ ಪ್ರಮಾಣದ ಸಿಟ್ರಿಕ್ ಆಮ್ಲದಿಂದ ಮನೆಯಲ್ಲೇ ಕರಗಿಸಬಹುದು, ಉಂಗುರವನ್ನು ಬದಲಿಸಬಹುದು. ಪಂಪಿಗೆ ಮಾತ್ರ ಮೆಕ್ಯಾನಿಕ್ ಬೇಕು.